ಸೀನರಿ ಮಾವನ ಒಣಗಿದ ಗೋಡೆ

ನನ್ನ ಸೋದರಮಾವ ತಮ್ಮ ಜೀವಮಾನದಲ್ಲಿ ಎಬ್ಬಿಸಿದಷ್ಟು ಗೋಡೆಗಳನ್ನು ಯಾವ ಮೇಸ್ತ್ರಿಯೂ ಎಬ್ಬಿಸಿರಲಾರ. ಅರಮನೆ, ಆಸ್ಪತ್ರೆ, ಸೆರೆಮನೆ, ಸಾಹುಕಾರನ ಬಂಗಲೆ, ಬಡವನ ಗುಡಿಸಲು ಎಲ್ಲವನ್ನೂ ಕಟ್ಟಿದ್ದಾರೆ. ಯಾವುದಕ್ಕೂ ಒಂದು ಇಟ್ಟಿಗೆ ಖರ್ಚಾಗಿಲ್ಲ. ಅವರು ನಾಟಕ ಕಂಪನಿಯೊಂದರಲ್ಲಿ ರಂಗದ ಹಿನ್ನೆಲೆಗೆ ದೃಶ್ಯ ಬರೆಯುತ್ತಿದ್ದವರು. ಮರದ ಚೌಕಟ್ಟು, ಅದಕ್ಕೆ ಬಿಗಿದ ಬಟ್ಟೆ, ಬಟ್ಟೆಯ ಮೇಲೆ ಬಣ್ಣ. ಇಷ್ಟೇ ಅವರ ಕೋಟೆ ಕೊತ್ತಲ. ಅವರ ಸೆರೆಮನೆಯ ಗೋಡೆ ಫ್ಯಾನಿನ ಗಾಳಿಗೆ ಮೆಲ್ಲಗೆ ಉಸಿರಾಡುತ್ತಿತ್ತು. ಕೈದಿಯ ಪಾತ್ರದವನೊಬ್ಬ ದುಃಖ ತಡೆಯಲಾರದೆ ಆ ಗೋಡೆಗೆ ತಲೆ ಚಚ್ಚಿಕೊಂಡು, ಗೋಡೆಯ ಸಮೇತ ಆಚೆ ಬಿದ್ದು, ಕಥೆಯಲ್ಲಿ ಇಲ್ಲದ ಬಿಡುಗಡೆ ಪಡೆದದ್ದೂ ಉಂಟು.

ಬೀದಿಯವರೆಲ್ಲ ಅವರನ್ನು ಸೀನರಿ ಮಾವ ಎನ್ನುತ್ತಾರೆ. ವೃತ್ತಿ ಬಿಟ್ಟು ವರ್ಷಗಳಾದರೂ ವೃತ್ತಿ ಅವರನ್ನು ಬಿಟ್ಟಿಲ್ಲ. ಯಾವ ವಸ್ತುವನ್ನೇ ಆಗಲಿ ಕೊನೇ ಸಾಲಿನ ಪ್ರೇಕ್ಷಕನ ಹಾಗೆ ನೋಡಬೇಕು ಎನ್ನುವುದು ಅವರ ಸಿದ್ಧಾಂತ. ಹೊಸ ಅಂಗಿಯನ್ನು ಅಂಗಡಿಯವನ ಕೈಯಲ್ಲಿ ಹಿಡಿಸಿ, ತಾವು ರಸ್ತೆ ದಾಟಿ ಆಚೆ ಬದಿಯಿಂದ ನೋಡಿ, ಅಲ್ಲಿಂದಲೇ ತಲೆಯಾಡಿಸುತ್ತಾರೆ. ಹತ್ತಿರದಿಂದ ನೋಡಿದರೆ ದೇವಲೋಕವೂ ಬರೀ ಗೋಣಿ ಮತ್ತು ಮೊಳೆ ಎಂದು ಅವರಿಗೆ ಗೊತ್ತು.

ಇದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ನಮ್ಮ ಅತ್ತೆ. ಅದೇ ಕಂಪನಿಯಲ್ಲಿ ಅತ್ತೆಯದು ಮಾತು ಎತ್ತಿಕೊಡುವ ಕೆಲಸ. ಪಕ್ಕದ ಮರೆಯಲ್ಲಿ ಸ್ಟೂಲಿನ ಮೇಲೆ ಕೂತು, ನಟರು ಮಾತು ಮರೆತಾಗ ಪಿಸುಗುಟ್ಟಿ ನೆನಪಿಸುವ ಪ್ರಾಂಪ್ಟರ್. ಜನ ಮಾವನ ಅರಮನೆಗಳ ಮುಂಭಾಗ ನೋಡಿ ಚಪ್ಪಾಳೆ ಹೊಡೆಯುತ್ತಿದ್ದಾಗ ಅತ್ತೆಗೆ ಕಾಣುತ್ತಿದ್ದದ್ದು ಅವುಗಳ ಬೆನ್ನು: ತೇಪೆ, ದಾರ, ಯಾವನೋ ಅಂಟಿಸಿ ಮರೆತ ಚೂಯಿಂಗ್ ಗಮ್ಮು. ಮಾವ ಅವರನ್ನು ಮದುವೆಯಾಗುವಂತೆ ಕೇಳಲು ಹೋಗಿ, ಅರ್ಧದಲ್ಲಿ ಮಾತು ಮರೆತು ನಿಂತಾಗ ಉಳಿದರ್ಧವನ್ನು ಅತ್ತೆಯೇ ಎತ್ತಿಕೊಟ್ಟರು ಎನ್ನುವುದು ನಮ್ಮ ಮನೆಯ ಹಳೇ ಕಥೆ. ಅಂದಿನಿಂದ ಆ ಕೆಲಸ ಕಾಯಂ ಆಯಿತು. ಮಾವನಿಗೆ ಮುಖಗಳು ನೆನಪಿರುತ್ತವೆ, ಹೆಸರುಗಳು ಇರುವುದಿಲ್ಲ. ಯಾರಾದರೂ ಎದುರಿಗೆ ಬಂದರೆ ಅವರು ಎರಡೂ ಕೈ ಅಗಲಿಸಿ ‘ಓಹೋಹೋ’ ಎಂದು ಸಮಯ ತಳ್ಳುತ್ತಾರೆ. ಅಷ್ಟರಲ್ಲಿ ಹಿಂದಿನಿಂದ ಅತ್ತೆಯ ಪಿಸುಮಾತು ಬರುತ್ತದೆ. ‘ಓಹೋಹೋ’ದ ಬಾಲಕ್ಕೆ ಹೆಸರು ಅಂಟಿಕೊಳ್ಳುತ್ತದೆ. ಮಾತ್ರೆ ನುಂಗುವುದು, ಬೀಗದ ಕೈ ಇಟ್ಟ ಜಾಗ, ಬಸ್ ಇಳಿಯುವ ನಿಲ್ದಾಣ ಎಲ್ಲಕ್ಕೂ ಅದೇ ಏರ್ಪಾಡು. ಸಂಸಾರವೆಂದರೆ ಮಾವನ ಪಾಲಿಗೆ ಕಿವಿಯ ಹತ್ತಿರದ ಒಂದು ದನಿ.

ಇಂಥ ಮನೆಗೆ ನೀರು ನುಗ್ಗಿತು. ನುಗ್ಗಿತು ಅನ್ನುವುದು ದೊಡ್ಡ ಮಾತು, ನುಸುಳಿತು. ಮೇಲಿನ ಮನೆಯಲ್ಲಿ ಹಲ್ಲಿನ ಡಾಕ್ಟರಮ್ಮ ಇದ್ದಾರೆ. ಊರವರ ಬಾಯೊಳಗಿನ ಹುಳುಕನ್ನೆಲ್ಲ ಕನ್ನಡಿ ಹಿಡಿದು ಹುಡುಕುವ ಅವರಿಗೆ ತಮ್ಮದೇ ಬಚ್ಚಲ ಕೊಳವೆಯ ಹುಳುಕು ಗೊತ್ತಾಗಿರಲಿಲ್ಲ. ಕೊಳವೆ ಇಳಿದು ಬರುವುದು ಮಾವನ ಮಲಗುವ ಕೋಣೆಗೂ ಮೆಟ್ಟಿಲ ಓಣಿಗೂ ನಡುವಿನ ಗೋಡೆಯೊಳಗೆ. ಸೋರಿದ್ದು ಕೊಳವೆ, ಸೋತದ್ದು ಗೋಡೆ. ಅತ್ತೆಯ ಮಂಚದ ಪಕ್ಕದಲ್ಲೇ, ಮೊದಲು ಚಹಾ ಚೆಲ್ಲಿದ ಹಾಗೆ ಒಂದು ಕಲೆ ಮೂಡಿತು.

ಬೇರೆ ಯಾರಾದರೂ ಆಗಿದ್ದರೆ ಅವತ್ತೇ ಮೇಲೆ ಹೋಗಿ ಬಾಗಿಲು ಬಡಿಯುತ್ತಿದ್ದರು. ಮಾವ ಕುರ್ಚಿ ಎಳೆದುಕೊಂಡು ಬಾಗಿಲ ಬಳಿ ಕೂತರು. ಆ ಕಲೆಯಲ್ಲಿ ಅವರು ಕಲೆ ಕಂಡರು. ಅಂಚಿನಲ್ಲಿ ಕಡುಗಂದು, ಒಳಗೆ ತೆಳುಹಳದಿ, ನಡುವೆ ಇದೆಯೋ ಇಲ್ಲವೋ ಎನ್ನುವಂಥ ಬೂದಿ. ಪಾಳುಬಿದ್ದ ಬಂಗಲೆಯ ದೃಶ್ಯಕ್ಕೆ ಇಂಥದ್ದೊಂದನ್ನು ತರಲು ತಾವು ಚಹಾಪುಡಿ, ಇದ್ದಿಲು, ಅಂಟು ಎಲ್ಲ ಕಲಸಿ ಒದ್ದಾಡಿದ್ದನ್ನು ನೆನೆದು, ಗೋಡೆ ಒದ್ದೆಯಾಗುವುದೇ ಇದಕ್ಕೆ ಸುಲಭದ ದಾರಿಯಾಗಿತ್ತಲ್ಲ ಎಂದು ಪೇಚಾಡಿದರು. ದಿನವೂ ಬೆಳಿಗ್ಗೆ ಎದ್ದು ಕಲೆ ಎಷ್ಟು ಬೆಳೆದಿದೆ ಎಂದು ಸಂತೋಷದಿಂದ ನೋಡಿದರು. ಅತ್ತೆ ಕೆಮ್ಮಲು ಶುರುಮಾಡಿದರು. ಮಾವ ಕಲೆಯ ಎಡಭಾಗ ಈಗ ಕುದುರೆಯ ಮುಖದಂತಾಗಿದೆ ಎಂದರು. ಕೋಣೆಗೆ ಮುಗ್ಗಲು ವಾಸನೆ ಹಿಡಿಯಿತು. ಮಾವನ ಮೂಗಿಗೆ ಅದು ಬರಲಿಲ್ಲ. ನಾಟಕದಲ್ಲಿ ವಾಸನೆಗೆ ಪಾತ್ರವಿಲ್ಲ.

ಕೊನೆಗೆ ಮೇಲೆ ಹೋಗಿ ಹೇಳಿದ್ದು ಅತ್ತೆಯೇ. ಡಾಕ್ಟರಮ್ಮ ಪಾಪ ಗಾಬರಿಯಾಗಿ ಕೂಡಲೇ ನಲ್ಲಿ ರಿಪೇರಿಯವನನ್ನು ಕರೆಸಿದರು. ಅವನು ಮೇಲೆ ಕೊಳವೆ ಬದಲಿಸಿ, ಕೆಳಗೆ ಬಂದು, ಗೋಡೆಗೆ ಬೆರಳ ಗಂಟಿನಿಂದ ಎರಡು ಸಲ ಕುಟ್ಟಿ, ಹೊಸ ನೀರು ಬರುವುದು ನಿಂತಿದೆ, ಗೋಡೆ ಕುಡಿದ ನೀರು ಹೋಗುವುದಕ್ಕೆ ಸಮಯ ಬೇಕು, ಸಡಿಲಾದ ಗಾರೆ ಕೆತ್ತಿಸಿ, ಕಿಟಕಿ ತೆಗೆದಿಡಿ, ಒಣಗುವ ತನಕ ಏನನ್ನೂ ಬಳಿಯಬೇಡಿ ಎಂದ. ಆ ಹೊತ್ತಿಗೆ ಅವನ ಫೋನ್ ಬಡಿದುಕೊಂಡಿದ್ದರಿಂದ ಕೊನೆಯ ಮಾತನ್ನು ಅವನು ಇನ್ಯಾರ ಮನೆಯ ಗೋಡೆಗೋ ಹೇಳುತ್ತಿದ್ದಾನೆ ಎಂದು ಮಾವ ಅಂದುಕೊಂಡರು. ಹಾಗಂತ ಆಮೇಲೆ ವಾದಿಸಿದರು.

ಅತ್ತೆಯ ಕೆಮ್ಮು ನೋಡಿದ ಬೇರೆ ಡಾಕ್ಟರು ಆ ಕೋಣೆಯಲ್ಲಿ ಮಲಗಲೇಬೇಡಿ ಎಂದರು. ಹಜಾರದಲ್ಲಿ ಮಾವನ ಹಳೆಯ ಸೀನರಿಗಳ ಸುರುಳಿಗಳನ್ನು ಛಾವಣಿಯ ತನಕ ಪೇರಿಸಿದ್ದರಿಂದ ಅಲ್ಲಿ ಬೆಕ್ಕು ಮಲಗುವುದಕ್ಕೂ ಜಾಗವಿರಲಿಲ್ಲ. ಅತ್ತೆ ಒಂದು ಚೀಲ ತುಂಬಿಕೊಂಡು ತಂಗಿಯ ಮನೆಗೆ ಹೊರಟರು. ಹೊರಡುವಾಗ ಕೂಗಾಡಲಿಲ್ಲ. ಅವರ ಗಂಟಲು ಪಿಸುಮಾತಿಗೆ ಪಳಗಿದ್ದು.

“ಗೋಡೆ ಒಣಗಿದ ಮೇಲೆ ಹೇಳಿ, ಬರ್ತೀನಿ,” ಎಂದರು. “ಒಣಗಿದ ಮೇಲೆ.”

ಅತ್ತೆ ಹೋದ ಮೇಲೆ ಮಾವನ ಸ್ಥಿತಿ ಪ್ರಾಂಪ್ಟರ್ ಇಲ್ಲದ ರಂಗದಂತಾಯಿತು. ಎದುರುಮನೆಯ ನಿವೃತ್ತ ಪೋಸ್ಟ್ ಮಾಸ್ತರರು ಬಂದಾಗ ಕೈ ಅಗಲಿಸಿ ‘ಓಹೋಹೋ’ ಶುರುಮಾಡಿದವರು, ಹಿಂದಿನಿಂದ ಏನೂ ಬಾರದೆ, ಉಸಿರು ಮುಗಿಯುವ ತನಕ ‘ಹೋ’ ಎಂದೇ ಇದ್ದು ಕೊನೆಗೆ ಕೆಮ್ಮಿ ಒಳಗೆ ಹೋದರು. ಮಾಸ್ತರರು ಇವರಿಗೆ ಏನೋ ಬಡಿದಿದೆ ಎಂದು ಬೀದಿಗೆಲ್ಲ ಹೇಳಿದರು. ಬೀಗದ ಕೈ ಒಳಗಿಟ್ಟು ಬಾಗಿಲೆಳೆದುಕೊಂಡು ಮಾವ ಮೆಟ್ಟಿಲ ಮೇಲೆ ಕೂತಿರುವುದನ್ನು ಡಾಕ್ಟರಮ್ಮ ನೋಡಿದರು. ಗೋಡೆಯ ಪಸೆ ಆರುವುದಕ್ಕೆ ಮೊದಲು ಮಾವನ ನಾಲಿಗೆಯ ಪಸೆ ಆರಿತು. ಅವರಿಗೆ ಅತ್ತೆ ಬೇಕಿತ್ತು, ಬೇಗ ಬೇಕಿತ್ತು; ಗೋಡೆಗೆ ಆ ಅವಸರವಿರಲಿಲ್ಲ.

ಮೊದಲು ಅವರು ಕಂಪನಿಯಿಂದ ತಂದಿಟ್ಟುಕೊಂಡಿದ್ದ ದೊಡ್ಡ ದೀಪವನ್ನು ಗೋಡೆಯ ಮೂತಿಗೆ ತಿರುಗಿಸಿದರು. ಶಾಖಕ್ಕೆ ಗೋಡೆ ಒಣಗಲಿಲ್ಲ, ಹಬೆಯಾಡಿತು. ಹಳೆಯ ಬಣ್ಣ ಸಿಟ್ಟಿಗೆದ್ದವರ ಮುಖದಂತೆ ಅಲ್ಲಲ್ಲಿ ಊದಿಕೊಂಡಿತು. ಆದರೆ ಆ ಬೆಳಕಿನಲ್ಲಿ ಕಲೆ ಭವ್ಯವಾಗಿ ಕಂಡದ್ದರಿಂದ ಮಾವ ಸ್ವಲ್ಪ ಹೊತ್ತು ನೋಡುತ್ತಾ ಕೂತರು ಎಂಬ ಗುಮಾನಿ ನನಗಿದೆ.

ಆಮೇಲೆ ಒಂದು ಭಾನುವಾರ ನನಗೆ ಫೋನ್ ಬಂತು. ನನ್ನ ಮಕ್ಕಳೇ ದೊಡ್ಡವರಾಗಿದ್ದರೂ ಮಾವನಿಗೆ ನಾನು ಇನ್ನೂ ಪುಟ್ಟಿ.

“ಪುಟ್ಟಿ, ಗೋಡೆ ಒಣಗಿತು. ಬಂದು ನೋಡು.”

ಹೋದೆ. ನನ್ನನ್ನು ಕೋಣೆಯೊಳಗೆ ಬಿಡದೆ ಬಾಗಿಲ ಹೊರಗಿಟ್ಟ ಕುರ್ಚಿಯಲ್ಲಿ ಕೂರಿಸಿದರು. ಆ ಗೋಡೆಯನ್ನು ಏನೆಂದು ವರ್ಣಿಸಲಿ. ಅಷ್ಟು ಒಣಗಿದ ಗೋಡೆಯನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಬೇಸಗೆಯ ಮಧ್ಯಾಹ್ನ ಕಾದು ಕಾದು ಬೆಳ್ಳಗಾದ ಬಣ್ಣ. ಮೇಲೆ ತೆಳ್ಳನೆ ಧೂಳು. ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಎಂದೋ ಅಲ್ಲಿ ನೇತುಹಾಕಿದ್ದ ಕ್ಯಾಲೆಂಡರಿನ ಚೌಕದ ಗುರುತು. ಅದರ ನೆತ್ತಿಗೆ ಒಂದು ತುಕ್ಕು ಮೊಳೆ, ಮೊಳೆಗೊಂದು ನೆರಳು. ನೋಡುತ್ತಿದ್ದಂತೆ ಬಾಯಾರಿ ನಾನು ನೀರು ಕೇಳಿದೆ. ಮಾವ ಅದನ್ನು ಪ್ರಶಸ್ತಿ ಎಂದುಕೊಂಡರು.

ಆಗ ನನಗೆ ಅರ್ಥವಾಯಿತು. ಆ ಮೊಳೆ ಬರೆದದ್ದು. ಬಿರುಕು ಬರೆದದ್ದು. ಒಣಗಿದ್ದೂ ಬರೆದದ್ದೇ. ಅಟ್ಟದ ಮೇಲೆ ಉಳಿದಿದ್ದ ಎಣ್ಣೆಬಣ್ಣವನ್ನೆಲ್ಲ ಇಳಿಸಿ, ಒದ್ದೆ ಗೋಡೆಯ ಮೇಲೆ ಒಣಗಿದ ಗೋಡೆಯ ಚಿತ್ರ ಬರೆದಿದ್ದರು. ವಾಸನೆಗೆ ಬಟ್ಟೆ ಬೀರುವಿನ ನುಸಿಗುಳಿಗೆಗಳನ್ನು ಪೊಟ್ಟಣ ಕಟ್ಟಿ ಮಂಚದ ಕೆಳಗೆ ನೇತುಹಾಕಿದ್ದರು. ಇದು ಮೋಸವಲ್ಲವೇ ಮಾವ ಎಂದರೆ ಅವರಿಗೆ ನಿಜವಾಗಿಯೂ ನೋವಾಯಿತು. ಗೋಡೆಯಲ್ಲಿ ಏನೇ ದೋಷವಿದ್ದರೂ ಅದು ಮುಂಭಾಗದಲ್ಲೇ ಇರುತ್ತದೆ, ಮುಂಭಾಗದಲ್ಲೇ ಸರಿಯಾಗುತ್ತದೆ ಎಂದು ಇಡೀ ಆಯುಷ್ಯ ನಂಬಿ ಕೆಲಸ ಮಾಡಿದ ಮನುಷ್ಯ. ಒಳಗಿನ ನೀರು ತನ್ನ ಪಾಡಿಗೆ ತಾನು ಹೋಗುತ್ತದೆ, ಅಲ್ಲಿಯ ತನಕ ಕಾಣುವುದಕ್ಕೆ ಇದು ಇರಲಿ ಎಂದರು. ಗೋಡೆ ಒಣಗಿರಲಿಲ್ಲ, ಒಣಜಂಬ ಮಾತ್ರ ಗರಿಗರಿಯಾಗಿತ್ತು.

ಗೋಡೆ ಒಣಗಿತೆಂದು ಮಾವ ಹೇಳಿಕಳಿಸಿದ್ದರಿಂದ ಅತ್ತೆ ಮರುದಿನವೇ ಬಂದರು, ಚೀಲ ಹೆಗಲಲ್ಲಿತ್ತು. ಮಾವ ಅವರನ್ನು ಅದೇ ಕುರ್ಚಿಯ ಹತ್ತಿರ ನಿಲ್ಲಿಸಿ ಕಿಟಕಿಯ ಪರದೆ ಸರಿಸಿದರು. ಅತ್ತೆ ನೋಡಿದರು. ಚೆನ್ನಾಗಿದೆ ಎಂದರು. ಮಾವ ಉಬ್ಬಿಹೋದರು. ಗೋಡೆಯೂ ಉಬ್ಬಿತ್ತು ಎನ್ನುವುದು ಆ ದೂರಕ್ಕೆ ಕಾಣುತ್ತಿರಲಿಲ್ಲ.

ಅತ್ತೆ ಒಳಗೆ ಹೋಗಲಿಲ್ಲ. ಹಿಂದಿರುಗಿ, ಹಜಾರ ದಾಟಿ, ಮುಂಬಾಗಿಲಿನಿಂದ ಹೊರಗೆ ನಡೆದರು. ಮಾವನಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಅವರು ಮೆಟ್ಟಿಲ ಓಣಿಗೆ ಹೋಗಿ, ಅದೇ ಗೋಡೆಯ ಬೆನ್ನ ಕಡೆ ನಿಂತಿದ್ದರು. ಅಭ್ಯಾಸ. ಜನ್ಮವೆಲ್ಲ ಅವರು ಇದ್ದದ್ದು ಆ ಕಡೆಯಲ್ಲೇ.

ಅಲ್ಲಿ ಗೋಡೆ ಸತ್ಯ ಹೇಳುತ್ತಿತ್ತು. ಈಚೆ ಎಣ್ಣೆಬಣ್ಣ ಬಾಯಿ ಮುಚ್ಚಿದ್ದರಿಂದ ನೀರು ಆಚೆ ಬಾಯಿಬಿಟ್ಟಿತ್ತು. ಡಾಕ್ಟರಮ್ಮನ ಚಪ್ಪಲಿ ಸ್ಟ್ಯಾಂಡಿನ ಎತ್ತರಕ್ಕೆ ಹಸಿ ಏರಿ, ಅದರ ಅಂಚಿಗೆಲ್ಲ ಹತ್ತಿಯಂಥ ಬಿಳಿ ಉಪ್ಪು ಅರಳಿತ್ತು. ಅತ್ತೆ ಅದನ್ನು ಬೆರಳಿಂದ ಒರೆಸಿ ನೋಡಿದರು. ಒಳಗೆ ಬಂದು, ಈಗ ನೇರವಾಗಿ ಗೋಡೆಯ ಬಳಿ ಹೋದರು. ತಮ್ಮ ಪ್ರೇಕ್ಷಕರಲ್ಲಿ ಯಾರೂ ಈ ತನಕ ಅಷ್ಟು ಹತ್ತಿರ ಹೋಗಿರಲಿಲ್ಲವಾದ್ದರಿಂದ ಮಾವ ಅಲ್ಲೇ ಬೆವತರು. ಕ್ಯಾಲೆಂಡರಿನ ಗುರುತಿನ ಕೆಳಗೆ ಬಣ್ಣ ಹೊಟ್ಟೆ ಮುಂದೆ ಮಾಡಿಕೊಂಡಿತ್ತು. ಅತ್ತೆ ಅದನ್ನು ಹೆಬ್ಬೆರಳಿಂದ ಒತ್ತಿದರು. ಹೊಟ್ಟೆ ಒಡೆದು, ಕಂದು ನೀರು ಬರೆದ ಮೊಳೆಯ ಪಕ್ಕದಿಂದ ಇಳಿದು, ಮಾವನ ಪಾದದ ಮೇಲೆ ಬಿತ್ತು. ಬಣ್ಣ ಬಯಲಾಗುವುದು ಎಂದರೇನು ಎಂದು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡರು.

“ಇಷ್ಟು ವರ್ಷ ನಿಮ್ಮ ಗೋಡೆಗಳ ಹಿಂದೆ ಕೂತವಳು ನಾನು. ನನಗೇ ಮುಂಭಾಗ ತೋರಿಸ್ತೀರಾ?”

ಹೆಗಲಿಂದ ಇಳಿಸಿಯೇ ಇರದ ಚೀಲದ ಸಮೇತ ಹೊರಟುಹೋದರು. ಮಾವ ಏನೋ ಹೇಳಲು ಬಾಯಿ ತೆರೆದರು. ಮಾತು ಎತ್ತಿಕೊಡಬೇಕಾದವರೇ ಮೆಟ್ಟಿಲಿಳಿಯುತ್ತಿದ್ದರು.

ಮರುದಿನ ಬೆಳಿಗ್ಗೆಯೇ ಮಾವ ಉಳಿ ಸುತ್ತಿಗೆ ಹಿಡಿದರು. ನನಗೆ ಮೂಗಿಗೆ ಕಟ್ಟಿಕೊಳ್ಳಲು ಒಂದು ಬಟ್ಟೆ, ಕೈಗೊಂದು ಬಕೆಟ್ಟು. ತಮ್ಮ ಮೊಳೆಯನ್ನು, ಮೊಳೆಯ ನೆರಳನ್ನು, ಬಿರುಕನ್ನು ತಾವೇ ಕೆತ್ತುವಾಗ ಅವರು ಏನೂ ಮಾತಾಡಲಿಲ್ಲ. ಕ್ಯಾಲೆಂಡರಿನ ಗುರುತು ಬಂದಾಗ ಮಾತ್ರ ಅಲ್ಲಿ ಹಳದಿ ತುಸು ಜಾಸ್ತಿಯಾಗಿತ್ತು ಎಂದು ಒಪ್ಪಿಕೊಂಡರು. ಗಾರೆ ನೆನೆದ ಬಿಸ್ಕತ್ತಿನ ಹಾಗೆ ಹೆಕ್ಕಳೆ ಹೆಕ್ಕಳೆಯಾಗಿ ಬಿತ್ತು. ಅದರ ಹಿಂದೆ ಇಟ್ಟಿಗೆ ಕಂಡಿತು. ಮಾವ ಹಿಂದೆ ಸರಿದು, ಬಾಗಿಲ ತನಕ ಹೋಗಿ, ಕಣ್ಣು ಕಿರಿದು ಮಾಡಿ ನೋಡಿದರು. ಅವರ ಮುಖದ ಮೇಲೆ ಅಸಮಾಧಾನ ಹರಡಿತು.

“ಇದು ಇಟ್ಟಿಗೆ ಥರ ಕಾಣ್ತಾನೇ ಇಲ್ಲವಲ್ಲೇ ಪುಟ್ಟಿ.”

ನಿಜವಾದ ಇಟ್ಟಿಗೆ ಮಾವ, ಇನ್ನು ಹೇಗೆ ಕಾಣಬೇಕು ಎಂದೆ. ಕೆಂಪು ಸಾಲದು, ಸಾಲು ಸೊಟ್ಟ, ನಡುನಡುವೆ ಯಾಕೋ ಕಪ್ಪು, ಇದನ್ನು ನಾನು ಬರೆದು ಕೊಟ್ಟಿದ್ದರೆ ಕಂಪನಿಯವರು ವಾಪಸು ಕಳಿಸುತ್ತಿದ್ದರು ಎಂದರು. ಒಂದೇ ಒಂದು ಕೈ ಬಣ್ಣ ಕೊಟ್ಟರೆ ಇಟ್ಟಿಗೆ ಇಟ್ಟಿಗೆಯಂತಾಗುತ್ತದೆ ಎಂದು ಕುಂಚದ ಡಬ್ಬಿಯ ಕಡೆ ನೋಡಿದರು. ನಾನು ಆ ಡಬ್ಬಿಯನ್ನು ನಮ್ಮ ಮನೆಗೆ ಒಯ್ದೆ.

ಆಮೇಲೆ ಕಾಯುವ ಕೆಲಸ. ಕಿಟಕಿಗಳೆಲ್ಲ ತೆರೆದಿಟ್ಟು, ಫ್ಯಾನು ಹಾಕಿ, ಮಂಚವನ್ನು ಗೋಡೆಯಿಂದ ದೂರ ಸರಿಸಿ, ಉಪ್ಪು ಅರಳಿದಲ್ಲೆಲ್ಲ ನೀರು ತಾಗಿಸದೆ ಒಣ ಬ್ರಷ್ಷಿನಿಂದ ಉದುರಿಸುವುದು. ಒಣಗಿತೋ ಇಲ್ಲವೋ ತಿಳಿಯಲು ನಲ್ಲಿ ರಿಪೇರಿಯವನು ಒಂದು ಉಪಾಯ ಹೇಳಿದ್ದ: ಪ್ಲಾಸ್ಟಿಕ್ ಹಾಳೆಯೊಂದನ್ನು ಗೋಡೆಗೆ ನಾಲ್ಕೂ ಕಡೆ ಟೇಪು ಹಾಕಿ ಅಂಟಿಸಿ, ಬೆಳಿಗ್ಗೆ ನೋಡಬೇಕು, ಹಾಳೆಯ ಒಳಬದಿಗೆ ಹನಿ ಕೂಡಿದ್ದರೆ ಗೋಡೆ ಇನ್ನೂ ಹಸಿ. ನೋಡಿದ ದಿನವೆಲ್ಲ ಹನಿ ಕೂಡಿರುತ್ತಿತ್ತು. ಜನ್ಮವಿಡೀ ಜನರಿಗೆ ಬೇಕಾದ್ದನ್ನು ತೋರಿಸಿ ಬದುಕಿದ ಮಾವನಿಗೆ, ಇದ್ದದ್ದನ್ನು ಮಾತ್ರ ತೋರಿಸುವ ಆ ಹಾಳೆ ಚೆನ್ನಾಗಿ ನೀರು ಕುಡಿಸಿತು. ನಡುವೆ ಸಿಕ್ಕಿದ ಬಿಡುವಿನಲ್ಲಿ ಹಜಾರದ ಸೀನರಿ ಸುರುಳಿಗಳನ್ನು ಒಂದೊಂದಾಗಿ ಅಟ್ಟಕ್ಕೆ ಏರಿಸಿದರು. ಹಜಾರಕ್ಕೆ ನೆಲ ಇತ್ತೆಂದು ನನಗೆ ಗೊತ್ತಾದದ್ದೇ ಆಗ.

ಹಾಗಿರುವಾಗ ಒಂದು ಬೆಳಿಗ್ಗೆ ಅತ್ತೆಯ ಫೋನ್ ಬಂತು. ನಾನು ಅಲ್ಲೇ ಇದ್ದೆ. ಮಾವ ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವವರು. ತಂಗಿ ನಾಳೆ ಮಗಳ ಊರಿಗೆ ಹೊರಟಿದ್ದಾಳೆ, ಅಲ್ಲೇ ಕೆಲವು ತಿಂಗಳು ಇರುತ್ತಾಳೆ, ನನ್ನನ್ನೂ ಬಾ ಅನ್ನುತ್ತಿದ್ದಾಳೆ ಎಂದರು ಅತ್ತೆ. ಆ ಊರು ದೂರದ್ದು. ಹೋದರೆ ಮಳೆಗಾಲ ಮುಗಿಯುವ ತನಕ ಬರುವ ಮಾತಿಲ್ಲ.

“ಗೋಡೆ ಒಣಗಿದ್ರೆ ಮನೆಗೆ ಬರ್ತೀನಿ. ಇಲ್ಲದಿದ್ರೆ ಅವಳ ಜೊತೆ ಹೋಗ್ತೀನಿ. ಒಣಗಿತಾ?”

ಮಾವ ಹಾಳೆಯ ಕಡೆ ನೋಡಿದರು. ಹನಿಗಳಿದ್ದವು. ಅವರು ನನ್ನ ಕಡೆ ತಿರುಗಿ ಹುಬ್ಬೆತ್ತಿದರು. ಮುಂದಿನ ಮಾತು ಕೊಡು ಎನ್ನುವ ನಟನ ಹುಬ್ಬು. ನನಗೇನು ಗೊತ್ತು. ಒಣಗಿತು ಎಂದರೆ ಅತ್ತೆ ಬರುತ್ತಾರೆ, ಬಂದು ಓಣಿಯ ಕಡೆಯಿಂದ ನೋಡುತ್ತಾರೆ. ಇಲ್ಲ ಎಂದರೆ ಮಳೆಗಾಲ ಮುಗಿಯುವ ತನಕ ‘ಓಹೋಹೋ’. ಮಾವ ಅಂಗೈಯಿಂದ ಹಾಳೆಯ ಹನಿಗಳನ್ನು ಒರೆಸಲು ಹೋದರು. ಹನಿ ಒಳಬದಿಗಿತ್ತು. ಕೈ ಹೊರಗಿತ್ತು.

“ಇಲ್ಲ,” ಎಂದರು. “ಹನಿ ಇದೆ. ಮೊದಲಿಗಿಂತ ಕಮ್ಮಿ. ಆದ್ರೆ ಇದೆ.”

ಆ ಕಡೆಯಿಂದ ಪ್ರಶ್ನೆ ಬಂತು.

“ಯಾರು ಹೇಳಿಕೊಟ್ರು?”

“ಯಾರೂ ಇಲ್ಲ. ನೀನು ಇಲ್ಲಿಲ್ವಲ್ಲ.”

ಫೋನ್ ಕಟ್ಟಾಯಿತು. ಮಾವ ಬೇರೆ ಕೆಲಸ ತೋಚದೆ ಬ್ರಷ್ಷು ಹಿಡಿದು ಉಪ್ಪು ಉದುರಿಸತೊಡಗಿದರು. ನಾನು ಚಹಾ ಮಾಡಿದೆ. ಕುಡಿಯಲಿಲ್ಲ.

ಸಂಜೆ ಅತ್ತೆ ಬಂದರು. ಬಂದವರೇ ಮೆಟ್ಟಿಲ ಓಣಿಯಲ್ಲಿ ನಿಂತು ಗೋಡೆಯ ಬೆನ್ನು ನೋಡಿದರು. ಹಸಿ ಚಪ್ಪಲಿ ಸ್ಟ್ಯಾಂಡಿನ ಕೆಳಗಿಳಿದಿತ್ತು. ಒಳಗೆ ಬಂದು ಬೋಳು ಇಟ್ಟಿಗೆ ನೋಡಿದರು, ಹಾಳೆ ನೋಡಿದರು, ಖಾಲಿ ಹಜಾರವನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದರು. ತಂಗಿಯ ಜೊತೆ ಹೋಗುವುದಿಲ್ಲವಾ ಎಂದು ಮಾವ ಕೇಳಿದರು. ಅವಳು ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಾಳೆ ಎಂದರು ಅತ್ತೆ. ಮಾವನ ಗೊರಕೆಗೆ ಹಿಂದೊಮ್ಮೆ ಮೇಲಿನ ಡಾಕ್ಟರಮ್ಮ ಕೆಳಗಿಳಿದು ಬಂದಿದ್ದರು. ಆ ವಿಷಯ ಯಾರೂ ಎತ್ತಲಿಲ್ಲ. ಅತ್ತೆ ಚೀಲವನ್ನು ಹೆಗಲಿಂದ ಇಳಿಸಿ ಹಜಾರದ ಮೂಲೆಯಲ್ಲಿಟ್ಟು, ಹಾಸಿಗೆ ಇಲ್ಲೇ ಹಾಕಿ, ಆ ಕೋಣೆ ಒಣಗುವ ತನಕ ಅದರ ಬಾಗಿಲು ಮುಚ್ಚಿರಲಿ, ಕಿಟಕಿ ತೆರೆದಿರಲಿ ಎಂದರು.

ಗೋಡೆ ಇವತ್ತಿಗೂ ಪೂರ್ತಿ ಒಣಗಿಲ್ಲ. ಆದರೆ ಮೊನ್ನೆ ಡಾಕ್ಟರಮ್ಮ ಕ್ಷಮೆ ಕೇಳಲೆಂದು ಒಂದು ಬುಟ್ಟಿ ಹಣ್ಣು ಹಿಡಿದುಕೊಂಡು ಕೆಳಗೆ ಬಂದರು. ಮಾವ ಎರಡೂ ಕೈ ಅಗಲಿಸಿದರು. ಹಿಂದಿನಿಂದ ಪಿಸುಮಾತು ಬಂತು. ‘ಓಹೋಹೋ’ದ ಬಾಲಕ್ಕೆ ಹೆಸರು ಸರಿಯಾಗಿ ಅಂಟಿತು. ಗೋಡೆ ಹೇಗಿದೆ ನೋಡೋಣ ಎಂದು ಡಾಕ್ಟರಮ್ಮ ಕೋಣೆಯ ಬಾಗಿಲು ತೆಗೆಸಿ ನೋಡಿದವರು ಹಾಗೇ ನಿಂತುಬಿಟ್ಟರು.

“ಅಬ್ಬಾ, ಎಷ್ಟು ಚೆನ್ನಾಗಿ ಬರೆದಿದ್ದೀರಿ ಮಾವ. ನಿಜವಾದ ಇಟ್ಟಿಗೆನೇ ಅನ್ನಿಸುತ್ತೆ. ಆ ಸೊಟ್ಟ ಸಾಲು, ಆ ಕಪ್ಪು, ನಿಮ್ಮ ಕೈಯೇ ಕೈ.”

ಮಾವನ ಮುಖ ಅರಳಿತು. ಎದೆ ಉಬ್ಬಿತು. ಅವರ ಬಾಯಿ ಧನ್ಯವಾದ ಹೇಳಲು ತೆರೆದುಕೊಳ್ಳುವುದನ್ನು ನಾನು ಹಜಾರದಿಂದ ನೋಡುತ್ತಿದ್ದೆ. ಆಗ ಅಡುಗೆಮನೆಯ ಬಾಗಿಲ ಮರೆಯಿಂದ, ಪಾತ್ರೆ ಒರೆಸುವ ಸದ್ದಿನ ನಡುವೆ, ಪಳಗಿದ ಪಿಸುದನಿಯೊಂದು ಬಂತು.

“ನಾನು ಬರೆದದ್ದಲ್ಲ.”

ಮಾವ ಬಾಯಿ ಮುಚ್ಚಿದರು. ಗಂಟಲು ಸರಿಮಾಡಿಕೊಂಡರು.

“ನಾನು ಬರೆದದ್ದಲ್ಲ,” ಎಂದರು.

ಆಮೇಲೆ ಯಾರೂ ಎತ್ತಿಕೊಡದ ಮಾತೊಂದನ್ನು ತಾವೇ ಸೇರಿಸಿದರು.

“ನಾನಾಗಿದ್ರೆ ಕೆಂಪು ಇನ್ನೊಂಚೂರು ಹಾಕ್ತಿದ್ದೆ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತು, ನಗುವೋ ಕೆಮ್ಮೋ ತಿಳಿಯದ ಒಂದು ಸದ್ದು ಬಂತು. ಕೆಮ್ಮು ಹೋಗಿ ತುಂಬ ದಿನವಾಗಿತ್ತು.